ಹಸಿರು ಇಂಕಿನ ಮೇಡಂ

ನಮ್ಮ ಫೀಲ್ಡ್‌ವರ್ಕ್ ಮೇಡಂ ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಒಬ್ಬೊಬ್ಬರು ಒಂದೊಂದು ದೇಶದಲ್ಲಿದ್ದೆವು. ರಾತ್ರಿಯೆಲ್ಲ ಅವರದೇ ಮಾತು. ಬಿ.ಎಸ್.ಡಬ್ಲ್ಯು. (ಸಮಾಜಕಾರ್ಯ ಪದವಿ) ಸಿಲಬಸ್‌ನಲ್ಲಿ ಏನಿತ್ತು ಅಂತ ಯಾರಿಗೂ ಸರಿಯಾಗಿ ನೆನಪಿಲ್ಲ. ಮೇಡಂ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಕೊರಳಿಗೆ ದಾರದಲ್ಲಿ ನೇತುಬಿದ್ದ ಕನ್ನಡಕ, ಕೈಯಲ್ಲಿ ಹಸಿರು ಇಂಕಿನ ಪೆನ್ನು.

ಹೊರದೇಶಕ್ಕೆ ಹೋಗಿ ಸಮಾಜಕಾರ್ಯ ಓದುವವರ ಕಷ್ಟ ಬೇರೆಯೇ. ಬರೀ ಪರೀಕ್ಷೆ ಬರೆದರೆ ಸಾಲದು, ಪ್ಲೇಸ್‌ಮೆಂಟ್, ಅಂದರೆ ಯಾವುದಾದರೂ ಸಂಸ್ಥೆಯಲ್ಲಿ ತರಬೇತಿಯ ಕೆಲಸ, ಮುಗಿಸದೆ ಡಿಗ್ರಿ ಸಿಗೋದಿಲ್ಲ. ಬಿ.ಎಸ್.ಡಬ್ಲ್ಯು.ಗೆ ಅಮೆರಿಕದಲ್ಲಿ ಕನಿಷ್ಠ 400 ಗಂಟೆ, ಆಸ್ಟ್ರೇಲಿಯಾದಲ್ಲಿ 1000 ಗಂಟೆ. ಅದಕ್ಕೆ ಸಾಮಾನ್ಯವಾಗಿ ಸಂಬಳ ಇಲ್ಲ. ಖರ್ಚಿಗೆ ಬೇರೆ ಕಡೆ ದುಡಿಯೋಣ ಅಂದರೆ ಸ್ಟೂಡೆಂಟ್ ವೀಸಾ ಅದಕ್ಕೂ ಮಿತಿ ಹಾಕುತ್ತದೆ. ನಾನು ಪೊಲೀಸ್ ಸರ್ಟಿಫಿಕೇಟ್ ತರಿಸಿ, ಎಲ್ಲ ಸರಿಹೋಯಿತು ಅಂದುಕೊಳ್ಳುವಾಗ ಒಂದು ಸಂಸ್ಥೆ "ನಿಮ್ಮ ಉಚ್ಚಾರ ನಮ್ಮ ಕ್ಲೈಂಟ್‌ಗಳಿಗೆ ಅರ್ಥವಾಗಲ್ಲ" ಅಂತ ವಾಪಸ್ ಕಳಿಸಿತು.

ಮೇಡಂ ಸುಮ್ನೆ ಸಮಾಧಾನ ಹೇಳಲಿಲ್ಲ. ಮರುದಿನ ಕ್ಲಾಸಿನಲ್ಲಿ ಹಲ್ ಹೌಸ್ ಎಂಬ ಸಮಾಜಸೇವಾ ಕೇಂದ್ರದ ಕಥೆ ತೆಗೆದರು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೋದಲ್ಲಿ ಅದನ್ನು ಶುರು ಮಾಡಿದ್ದು ವಲಸಿಗರೇ ತುಂಬಿದ್ದ ಬೀದಿಗಳ ನಡುವೆ. "ನಮ್ಮ ಕೆಲಸ ಬೆಳೆದದ್ದು ಇಂಥವರ ಜೊತೆ. ಹೊರಗಿನವಳಾಗಿ ಬದುಕೋದು ಹೇಗಿರುತ್ತೆ ಅಂತ ಈ ಕ್ಲಾಸಲ್ಲಿ ನಿನಗೇ ಜಾಸ್ತಿ ಗೊತ್ತು, ಅಲ್ವಾ?" ಅಂದರು. ಸಂಜೆ ತಾವೇ ಕೂತು ಫೋನ್ ಮೇಲೆ ಫೋನ್ ಮಾಡಿ, ನಿರಾಶ್ರಿತರ ಕೇಂದ್ರವೊಂದರಲ್ಲಿ ನನಗೆ ಜಾಗ ಮಾಡಿಸಿದರು.

ಅಂಥ ಮೇಡಂ ಮೇಲೂ ನಾವು ಒಂದು ತರಲೆ ಮಾಡಿದೆವು. ರೋಲ್‌ಪ್ಲೇ ದಿನ ಸೋಶಿಯಲ್ ವರ್ಕರ್ ಅವರು, ಕ್ಲೈಂಟ್ ನಾನು. ಏನು ಕೇಳಿದರೂ ಬಾಯಿ ಬಿಡಬಾರದು ಅಂತ ಹಿಂದಿನ ಸಂಜೆಯೇ ಲೈಬ್ರರಿ ಮೆಟ್ಟಿಲ ಮೇಲೆ ಸಂಚು ಹೂಡಿದ್ದೆವು. ಮೇಡಂ ಒಂದು ಪ್ರಶ್ನೆ ಕೇಳಿದರು. ನಾನು ಸುಮ್ಮನಿದ್ದೆ. ಅವರು ಫೈಲ್ ಮುಚ್ಚಿದರು. ಪೆನ್ನಿಗೆ ಕ್ಯಾಪ್ ಹಾಕಿದರು. ಕುರ್ಚಿಯನ್ನು ಸ್ವಲ್ಪ ಓರೆಗೆ ತಿರುಗಿಸಿಕೊಂಡರು, ನನ್ನ ಮುಖವನ್ನೇ ನೋಡುತ್ತ ಕೂರಬಾರದು ಅಂತ. ಹಿಂದಿನ ಬೆಂಚಿನ ಕಿಸಿಕಿಸಿ ನಗು ತಾನಾಗಿ ನಿಂತಿತು. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದರು, "ಮಾತಾಡಲೇಬೇಕು ಅಂತೇನಿಲ್ಲ. ನಾನು ಇಲ್ಲೇ ಇರ್ತೀನಿ."

ಊರಲ್ಲಿ ಅಮ್ಮನಿಗೆ ಆಪರೇಷನ್ ಆಗಿತ್ತು. ನನಗೆ ಹೋಗಲು ಆಗಿರಲಿಲ್ಲ. ಯಾರಿಗೂ ಹೇಳದ ಆ ವಿಷಯ ಅಲ್ಲೇ ಬಾಯಿಗೆ ಬಂತು. ಮೇಡಂ ತಕ್ಷಣ ಕೈ ಎತ್ತಿದರು. "ರೋಲ್‌ಪ್ಲೇ ಮುಗೀತು, ಎಲ್ಲರೂ ಹೊರಗೆ ಹೋಗಿ" ಅಂದರು. ಆಮೇಲೆ ಆ ಮಾತನ್ನು ಅವರಾಗಲಿ ಗೆಳೆಯರಾಗಲಿ ಎಲ್ಲೂ ಎತ್ತಲಿಲ್ಲ. ಗೋಪ್ಯತೆಯ ಪಾಠ ನನಗೆ ಆಗಿದ್ದು ಹಾಗೆ.

ನಮ್ಮ ಪ್ರೊಸೆಸ್ ರೆಕಾರ್ಡಿಂಗ್‌ಗಳನ್ನು ಸಾಲು ಬಿಡದೆ ಓದುತ್ತಿದ್ದರು. ಅದರಲ್ಲಿ ಕ್ಲೈಂಟ್ ಏನಂದರು, ನಾನೇನಂದೆ, ಆಗ ನನಗೇನನ್ನಿಸಿತು ಎಲ್ಲ ಬರೆಯಬೇಕಿತ್ತು. ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ "ಇಲ್ಲಿ ಯಾಕೆ ಅವಸರ?" ಎಂಬ ಪ್ರಶ್ನೆ ಬೀಳುತ್ತಿತ್ತು. ಈಗ ನನ್ನ ಹತ್ತಿರ ಬರುವ ಕೆಲವು ವಿದ್ಯಾರ್ಥಿಗಳ ಕೈಯಲ್ಲಿ ಬರೀ ಟಿಕ್ ಹಾಕುವ ಫಾರಂ ಇರುತ್ತದೆ. ನೋಡಿದರೆ ಬೇಜಾರಾಗುತ್ತದೆ. ಟಿಕ್ ಹಾಕಿದವರಿಗೆ ತಮ್ಮ ಅವಸರ ಕಾಣುವುದಾದರೂ ಹೇಗೆ?

ಇಂದು ನಾನೇ ಫೀಲ್ಡ್ ಸೂಪರ್‌ವೈಸರ್. ಹೊರದೇಶದ ಮಕ್ಕಳಿದ್ದರೆ ಮೊದಲು ನನ್ನ ಹೆಸರೇ ಹೇಳುತ್ತಾರಂತೆ. ಅದು ನನಗೆ ನಿಜಕ್ಕೂ ಹೆಮ್ಮೆ. ಡಿಪಾರ್ಟ್‌ಮೆಂಟಿನವರಲ್ಲಿ ಒಂದು ಕೋರಿಕೆ. ಪ್ಲೇಸ್‌ಮೆಂಟ್ ಹುಡುಕುವ ಕೆಲಸವನ್ನು ಆ ಮಕ್ಕಳ ತಲೆಗೇ ಕಟ್ಟಬೇಡಿ. ಮೇಡಂ ಥರ ಯಾರಾದರೂ ಕೂತು ಫೋನ್ ಮಾಡಿ. ಮೊದಲ ಫೋನ್ ನನಗೇ ಮಾಡಿ, ಈ ವರ್ಷ ನಮ್ಮಲ್ಲಿ ಜಾಗ ಇದೆ.