ಸದ್ದು ಒಂದು, ನಡುಕ ಇನ್ನೊಂದು

ಹದಿನಾರು ವರ್ಷ ಓಡಿದ ನಮ್ಮ ಡೀಸೆಲ್ ಎಸ್‌ಯುವಿಯ ಮೇಲೆ ಈ ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ದೂರುಗಳಿದ್ದವು. ಸುಂಟಿಕೊಪ್ಪದ ಬಳಿಯ ತೋಟದ ಒಳರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮುಂದಿನ ಎಡಚಕ್ರದ ಕಡೆಯಿಂದ, ತಗಡಿನ ಡಬ್ಬಿಯೊಳಗೆ ನಟ್ಟು ಬೋಲ್ಟು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು ಬರುತ್ತಿತ್ತು. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿ, ಬೈಲುಕುಪ್ಪೆಯ ಆಚೆಗಿನ ನೇರ ರಸ್ತೆಯಲ್ಲಿ ವೇಗ 80ರ ಹತ್ತಿರ ಬಂದರೆ ಸ್ಟೇರಿಂಗ್ ನಡುಗಲು ಆರಂಭಿಸುತ್ತಿತ್ತು. ಮಡಿಕೇರಿ ಕಡೆಯ ತಿರುವುಗಳಲ್ಲಿ ಆ ವೇಗದ ಮಾತೇ ಇಲ್ಲದ ಕಾರಣ, ಮೈಸೂರಿಗೆ ಹೋದಾಗ ಮಾತ್ರ ಈ ಎರಡನೆಯ ದೂರು ನೆನಪಾಗುತ್ತಿತ್ತು.

ಪೇಟೆಯ ಗ್ಯಾರೇಜೊಂದರಲ್ಲಿ ತೋರಿಸಿದಾಗ, ಚಕ್ರವನ್ನೂ ಬಿಚ್ಚದೆ, ಶಾಕ್ ಅಬ್ಸಾರ್ಬರ್, ಚಕ್ರವನ್ನು ಚಾಸಿಗೆ ಜೋಡಿಸುವ ಆರ್ಮ್, ಗೂಡಿನೊಳಗೆ ಗುಂಡು ಹೊರಳುವ ಬಾಲ್ ಜಾಯಿಂಟ್, ರಬ್ಬರಿನ ಬುಷ್‌ಗಳೆಲ್ಲ ಸೇರಿದ ಉದ್ದನೆಯ ಪಟ್ಟಿಯನ್ನು ಬರೆದು ಕೊಟ್ಟರು. ಎಲ್ಲವನ್ನೂ ಬದಲಾಯಿಸಿದರೆ ಸದ್ದು ನಿಲ್ಲಬಹುದು, ನಿಜ. ಆದರೆ ಕಾರಣ ಯಾವುದೆಂದು ಆಗಲೂ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಧಾನದಲ್ಲಿ ಬರುವ ಸದ್ದಿಗೂ ವೇಗದಲ್ಲಿ ಬರುವ ನಡುಕಕ್ಕೂ ಒಂದೇ ಕಾರಣವಿರಬೇಕೆಂದು ಅವರು ಏಕೆ ಭಾವಿಸಿದರು ಎಂಬುದು ನನಗೆ ಅರ್ಥವಾಗಲಿಲ್ಲ. ಹಾಗಾಗಿ, ಹಿಂದೆ ತೋಟದ ಜೀಪುಗಳನ್ನು ರಿಪೇರಿ ಮಾಡುತ್ತಿದ್ದ, ಈಗ ಕರೆದರೆ ಮಾತ್ರ ಬರುವ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಒಂದು ಭಾನುವಾರ ಮನೆಗೇ ಕರೆಸಿದೆ. ಕೊಯ್ಲು ಇನ್ನೂ ಶುರುವಾಗದೆ ಕಾಫಿ ಕಣ ಖಾಲಿಯಿತ್ತು. ಈ ಕೆಲಸಕ್ಕೆ ಅದರ ಮಟ್ಟಸವಾದ ಸಿಮೆಂಟು ನೆಲಕ್ಕಿಂತ ಒಳ್ಳೆಯ ಜಾಗ ನಮ್ಮಲ್ಲಿ ಇನ್ನೊಂದಿಲ್ಲ.

ಅವರು ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ, ಪಕ್ಕದ ಸೀಟಿನಲ್ಲಿ ಕುಳಿತರು. "ಸಾರ್, ಒಂದೇ ಚಕ್ರ ಕಲ್ಲು ಹತ್ತೋ ಹಾಗೆ ಬಿಡಿ" ಎಂದರು, ಸದ್ದು ಬಂತು. ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಅದೇ ಕಲ್ಲನ್ನು ಹತ್ತಿಸಲು ಹೇಳಿದರು, ಆಗಲೂ ಬಂತು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನಲ್ಲಿ ಸಡಿಲವಾದ ಬ್ರೇಕ್ ಪ್ಯಾಡ್ ಅಲ್ಲಾಡುತ್ತಿದ್ದರೆ ಬ್ರೇಕ್ ಒತ್ತಿದ ಕೂಡಲೇ ಅದು ಸುಮ್ಮನಾಗಬೇಕಿತ್ತು. ಕೊನೆಗೆ ಗೇಟಿನ ಬಳಿಯ ಹಂಪನ್ನು ಎರಡೂ ಚಕ್ರಗಳಿಂದ ಒಟ್ಟಿಗೇ ದಾಟಿದಾಗ ಮಾತ್ರ ಸದ್ದೇ ಇರಲಿಲ್ಲ. ಎಡಬಲದ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್, ಎರಡೂ ಚಕ್ರ ಸಮನಾಗಿ ಎದ್ದಾಗ ತನ್ನ ಬುಷ್‌ಗಳಲ್ಲಿ ಸುಮ್ಮನೆ ತಿರುಗುತ್ತದೆಯೇ ಹೊರತು ಅದರ ಮೇಲೆ ಒತ್ತಡ ಬೀಳುವುದಿಲ್ಲ. ಒಂದು ಚಕ್ರ ಮಾತ್ರ ಎದ್ದಾಗ ಅದು ತಿರುಚಿಕೊಂಡು ತುದಿಯ ಲಿಂಕ್ ರಾಡ್‌ಗಳನ್ನು ಎಳೆದು ತಳ್ಳುತ್ತದೆ. ಎರಡೂ ಬದಿಯ ಲಿಂಕ್ ಬಿಚ್ಚಿಟ್ಟು ಅದೇ ದಾರಿಯಲ್ಲಿ ಕಾಲ್ನಡಿಗೆಯ ವೇಗದಲ್ಲಿ ಹೋಗಿ ಬಂದಾಗ ವಾಹನ ನಿಶ್ಶಬ್ದವಾಗಿತ್ತು. ತಿರುವಿನಲ್ಲಿ ವಾಹನ ವಿಪರೀತ ವಾಲುವುದರಿಂದ ಹೀಗೆ ಬಿಚ್ಚಿಕೊಂಡು ಹೆದ್ದಾರಿಗೆ ಹೋಗಬಾರದು ಎಂಬುದನ್ನು ಇಲ್ಲಿ ಹೇಳಲೇಬೇಕು.

ಬಿಚ್ಚಿದ ಎಡಗಡೆಯ ಲಿಂಕನ್ನು ಅವರು ನನ್ನ ಕೈಗೆ ಕೊಟ್ಟರು. ಕೆಳತುದಿಯ ರಬ್ಬರ್ ಬೂಟು ಸೀಳಿತ್ತು. ಒಳಗೆ ಗ್ರೀಸ್ ಇರಬೇಕಾದಲ್ಲಿ ಕೆಂಪು ನೀರು ಮತ್ತು ನುಣುಪಾದ ಮರಳು. ಬೆರಳಿನಿಂದ ತಳ್ಳಿದರೆ ಸಾಕು, ಬಿಗಿಯಾಗಿ ಹೊರಳಬೇಕಿದ್ದ ಬಾಲ್ ತನ್ನ ಗೂಡಿನಲ್ಲಿ ಟಕ್ ಎಂದು ಮೇಲೆ ಕೆಳಗೆ ಆಡುತ್ತಿತ್ತು. ನಮ್ಮ ಮಳೆಯಲ್ಲಿ ಸೀಳಿದ ಬೂಟಿನ ಜಾಯಿಂಟು ಎಷ್ಟು ದಿನ ಉಳಿದೀತು?

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಜ್ಯಾಕ್ ಹೇಗೂ ಹೊರಬಂದಿದೆ, ಉಳಿದದ್ದನ್ನೂ ನೋಡೋಣ ಎಂದರು. ಜ್ಯಾಕ್ ಎಲ್ಲಿ ಕೊಡಬೇಕು ಎಂಬ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ನಮ್ಮ ವಾಹನದಲ್ಲಿ ಸ್ಪ್ರಿಂಗ್ ಕುಳಿತಿರುವುದು ಕೆಳಗಿನ ಆರ್ಮ್ ಮೇಲೆ. ಚಾಸಿಗೆ ಜ್ಯಾಕ್ ಕೊಟ್ಟು ಎತ್ತಿದರೆ ಸ್ಪ್ರಿಂಗು ಆರ್ಮನ್ನು ಕೆಳಕ್ಕೆ ಒತ್ತುತ್ತಲೇ ಇರುವುದರಿಂದ ಸವೆದ ಬಾಲ್ ಜಾಯಿಂಟ್ ಕೂಡ ಬಿಗಿಯಾಗಿ ಕಾಣಬಹುದು. ಆರ್ಮ್‌ನ ಹೊರತುದಿಗೇ ಜ್ಯಾಕ್ ಕೊಟ್ಟರೆ ಜಾಯಿಂಟಿನ ಮೇಲಿನ ಒತ್ತಡ ಇಳಿದು ಅದರ ಆಟ, ಅಂದರೆ ಸವೆತದಿಂದಾದ ಸಡಿಲ, ಬಯಲಾಗುತ್ತದೆ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರು, ಏನೂ ಇರಲಿಲ್ಲ. ಒಂದು ವೇಳೆ ಆಡಿದ್ದರೆ, ಯಾರಾದರೂ ಬ್ರೇಕ್ ಒತ್ತಿ ಹಿಡಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್, ಹಾಗೆಯೇ ಉಳಿದರೆ ಬಾಲ್ ಜಾಯಿಂಟ್ ಎಂದು ಬೇರ್ಪಡಿಸಬಹುದು. ಬಲಚಕ್ರವನ್ನು ಎಡಬಲಕ್ಕೆ ಹಿಡಿದು ಆಡಿಸಿದಾಗ ಮಾತ್ರ ಸಣ್ಣದೊಂದು ಕುಲುಕು ಸಿಕ್ಕಿತು. "ನೀವು ಸ್ಟೇರಿಂಗ್ ಚೂರೇ ಚೂರು ಆಡಿಸ್ತಾ ಇರಿ, ಪೂರ್ತಿ ತಿರುಗಿಸ್ಬೇಡಿ" ಎಂದು ನನ್ನನ್ನು ಕೂರಿಸಿ, ತಾವು ಸ್ಟೇರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಮೇಲೆ ಬೆರಳಿಟ್ಟು ಮಲಗಿದರು. ಆಮೇಲೆ ಜಾಗ ಬದಲಿಸಿಕೊಂಡು ನಾನೂ ಮುಟ್ಟಿ ನೋಡಿದೆ: ಕಣ್ಣಿಗೆ ಏನೂ ಕಾಣದಿದ್ದರೂ ಬೆರಳಿಗೆ ಅದರ ಒದೆತ ಸ್ಪಷ್ಟವಾಗಿ ತಾಗುತ್ತಿತ್ತು. ಶಾಕ್‌ಗಳಲ್ಲಿ ಎಣ್ಣೆ ಸೋರಿರಲಿಲ್ಲ. ಆರ್ಮ್ ಬುಷ್‌ಗಳೂ ಗಟ್ಟಿಯಾಗಿದ್ದವು.

ಟೈ ರಾಡ್ ಎಂಡ್ ಸವೆದಿದ್ದರೆ ನಡುಕ ಕೈಗೆ ಹೆಚ್ಚು ಮುಟ್ಟುತ್ತದೆ, ಆದರೆ ಅದು ತಾನಾಗಿಯೇ ನಡುಕವನ್ನು ಹುಟ್ಟಿಸುವುದು ಅಪರೂಪ. ಹುಟ್ಟಿದ ಜಾಗ ಚಕ್ರ ಬಿಚ್ಚಿ ಮಗುಚಿದಾಗ ಕಂಡಿತು. ರಿಮ್ಮಿನ ಒಳಬದಿಯಲ್ಲಿ, ಒಂದೇ ಕಡೆ, ತೋಟದ ಕೆಸರು ಒಣಗಿ ಗಟ್ಟಿಯಾಗಿ ಅಂಟಿತ್ತು. ಮಳೆಯಲ್ಲಿ ಓಡಿಸಿ ಶೆಡ್ಡಿನಲ್ಲಿ ನಿಲ್ಲಿಸಿದಾಗ ಒಳಗಿನ ಹಸಿ ಕೆಸರು ಕೆಳಕ್ಕೆ ಇಳಿದು ಅಲ್ಲಿಯೇ ಗಟ್ಟಿಯಾಗುತ್ತದೆ. ಕೆರೆದು ತೆಗೆದದ್ದನ್ನು ಕುತೂಹಲಕ್ಕೆ ಕರಿಮೆಣಸು ತೂಗುವ ತಕ್ಕಡಿಗೆ ಹಾಕಿದೆ. ನೂರು ಗ್ರಾಂ ದಾಟಿತು. ಬ್ಯಾಲೆನ್ಸಿಂಗ್ ಮಾಡುವವರು 5 ಗ್ರಾಂ, 10 ಗ್ರಾಂಗಳ ಲೆಕ್ಕದಲ್ಲಿ ತೂಕ ಅಂಟಿಸುತ್ತಾರೆ ಎಂಬುದನ್ನು ನೆನೆದರೆ ಇದು ಚಿಕ್ಕ ಮಾತಲ್ಲ. 235/70 ಆರ್16 ಅಳತೆಯ ಟಯರು 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 10 ಸುತ್ತು ಸುತ್ತುತ್ತದೆ. ಕೇಂದ್ರದಿಂದ 20 ಸೆಂಟಿಮೀಟರ್ ದೂರದಲ್ಲಿರುವ 100 ಗ್ರಾಂ ಮಣ್ಣು ಆಗ 7 ಕೆ.ಜಿ.ಗೂ ಹೆಚ್ಚಿನ ಭಾರದಷ್ಟು ಬಲದಿಂದ ಚಕ್ರವನ್ನು ಪ್ರತಿ ಸುತ್ತಿನಲ್ಲೂ ಹೊರಕ್ಕೆ ಎಳೆಯುತ್ತಿರುತ್ತದೆ. ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 40ರಲ್ಲಿ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಮಡಿಕೇರಿ ರಸ್ತೆಯಲ್ಲಿ ಅದು ಅರಿವಿಗೇ ಬಾರದಿದ್ದುದಕ್ಕೆ ಇದೇ ಕಾರಣ.

ಲಿಂಕ್ ರಾಡ್‌ಗಳನ್ನು ಜೋಡಿಯಾಗಿ, ಬಲಗಡೆಯ ಟೈ ರಾಡ್ ಎಂಡನ್ನು ಒಂಟಿಯಾಗಿ ಬದಲಾಯಿಸಿದೆವು. ಟೈ ರಾಡ್ ಬಿಚ್ಚಿದ ಮೇಲೆ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ಮುಖ ಮಾಡಿದೆ ಎನ್ನುವ ಟೋ ಕೋನ ಕೆಡುವುದರಿಂದ ಕುಶಾಲನಗರದಲ್ಲಿ ಅಲೈನ್‌ಮೆಂಟ್ ಹಾಗೂ ಬ್ಯಾಲೆನ್ಸಿಂಗ್ ಮಾಡಿಸಿ, ಅಲ್ಲಿಂದಲೇ ಸೇತುವೆ ದಾಟಿ ಬೈಲುಕುಪ್ಪೆಯ ಕಡೆಗೆ ಓಡಿಸಿದೆ. 80ರಲ್ಲೂ 90ರಲ್ಲೂ ಸ್ಟೇರಿಂಗ್ ಶಾಂತವಾಗಿತ್ತು. ಆದರೆ ಆ ವೇಗದಿಂದ ಬ್ರೇಕ್ ಒತ್ತಿದಾಗ ಮಾತ್ರ ಪೆಡಲಿನಲ್ಲಿ ಸಣ್ಣ ಮಿಡಿತವೊಂದು ಉಳಿದುಕೊಂಡಿದೆ; ದೊಡ್ಡ ನಡುಕದ ಅಡಿಯಲ್ಲಿ ಇದು ಇಷ್ಟು ದಿನ ಮುಚ್ಚಿಹೋಗಿತ್ತು. ಬ್ರೇಕ್ ಒತ್ತಿದಾಗ ಮಾತ್ರ ಬರುವುದರಿಂದ ಇದು ಸಸ್ಪೆನ್ಷನ್‌ಗಿಂತ ಡಿಸ್ಕಿನ ದಪ್ಪದಲ್ಲಿ ಏರುಪೇರಾದ ಲಕ್ಷಣ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತಾಗ ಪ್ಯಾಡಿನ ಅಡಿಯಲ್ಲಿ ಹಿಡಿದ ತುಕ್ಕು ಹೀಗೆ ಮಾಡುವುದುಂಟು. ಮುಂದಿನ ವಾರ ಮೈಕ್ರೋಮೀಟರ್ ತಂದು ಡಿಸ್ಕನ್ನು ಸುತ್ತಲೂ ಅಳೆದು, ಅದರ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪದೊಂದಿಗೆ ಹೋಲಿಸಿ ನೋಡುವುದಾಗಿ ಮೆಕ್ಯಾನಿಕ್ ಹೇಳಿದ್ದಾರೆ. ಅಳತೆ ಬರುವವರೆಗೆ ಹೊಸ ಡಿಸ್ಕ್ ತರಿಸುವುದು ಬೇಡ ಎಂದೂ ಹೇಳಿದ್ದಾರೆ.