ಅಂಕ ಎಷ್ಟು ಅಂದ್ರೆ ‘ಎಂಬತ್ತು’ ಅಂತ ಟೈಪ್ ಮಾಡಿದರೆ?

ಎಸ್ಸೆಸ್ಸೆಲ್ಸಿ ಅಂಕ ಕೇಳಿ ಶೇಕಡಾವಾರು ತೋರಿಸುವ ಒಂದು ಪುಟ್ಟ ಪೈಥಾನ್ ಪ್ರೋಗ್ರಾಂ ಅಂದುಕೊಳ್ಳಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100, ಒಟ್ಟು 625. ಬರೆದವರೇ ಓಡಿಸಿದರೆ ಚೆನ್ನಾಗಿಯೇ ಓಡುತ್ತದೆ. ಪಕ್ಕದವರ ಕೈಗೆ ಕೊಟ್ಟರೆ ಒಬ್ಬರು ‘78.5’ ಅಂತಾರೆ, ಇನ್ನೊಬ್ಬರು ‘ಎಂಬತ್ತು’, ಮತ್ತೊಬ್ಬರು ಬರೀ ಎಂಟರ್ ಒತ್ತುತ್ತಾರೆ. ಮೂರಕ್ಕೂ ಸಿಗುವುದು ವ್ಯಾಲ್ಯೂಎರರ್, ಅಂದರೆ ‘ಈ ಮೌಲ್ಯ ಸರಿಯಿಲ್ಲ’ ಎಂಬ ದೋಷ. ಪ್ರೋಗ್ರಾಂ ಅಲ್ಲಿಗೇ ನಿಂತಿತು.

ಇನ್‌ಪುಟ್ ಫಂಕ್ಷನ್ ಏನೇ ಬಂದರೂ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿಯೇ ಕೊಡುತ್ತದೆ. ಅದನ್ನು ಪೂರ್ಣಸಂಖ್ಯೆ ಮಾಡುವುದು ಇಂಟ್ ಎಂಬ ಇನ್ನೊಂದು ಫಂಕ್ಷನ್‌ನ ಕೆಲಸ, ಆಗದಿದ್ದರೆ ಗಲಾಟೆ ಮಾಡುವುದೂ ಅದೇ.

ಇದಕ್ಕೆ ಬಹಳ ಜನ, ಎಲ್ಲ ಅಕ್ಷರವೂ ಅಂಕಿಯೇ ಎಂದು ನೋಡುವ ಇಸ್‌ಡಿಜಿಟ್ ಹಾಕಿ ಮೊದಲೇ ಪರೀಕ್ಷಿಸುತ್ತಾರೆ. ಬೇಡ. ‘78’ರ ಹಿಂದೆ ಒಂದು ಸ್ಪೇಸ್ ಬಿದ್ದರೆ ಇಸ್‌ಡಿಜಿಟ್ ಒಪ್ಪುವುದಿಲ್ಲ, ಇಂಟ್ ಒಪ್ಪುತ್ತದೆ. ವರ್ಗದ ಗುರುತಾದ ಮೇಲಕ್ಷರದ ‘²’ ಕೊಟ್ಟರೆ ಇಸ್‌ಡಿಜಿಟ್ ಹೂಂ ಅನ್ನುತ್ತದೆ, ಇಂಟ್ ಎರರ್ ಎಸೆಯುತ್ತದೆ. ಉಷ್ಣಾಂಶ ಕೇಳುವ ಪ್ರೋಗ್ರಾಂನಲ್ಲಿ ‘-5’ ಬಂದರಂತೂ ಇಸ್‌ಡಿಜಿಟ್ ಬಾಗಿಲಲ್ಲೇ ತಡೆಯುತ್ತದೆ. ಅಂದಹಾಗೆ ‘೭೮’ ಅಂತ ಕನ್ನಡ ಅಂಕಿಯಲ್ಲೇ ಟೈಪ್ ಮಾಡಿದರೂ ಇಂಟ್ ತಕರಾರಿಲ್ಲದೆ 78 ಕೊಡುತ್ತದೆ. ಯಾವುದು ಸಂಖ್ಯೆ ಎಂದು ತೀರ್ಮಾನಿಸುವುದನ್ನು ಇಂಟ್‌ಗೇ ಬಿಡಿ.

ಹೀಗೆ ಕಟ್ಟಿ. ಒಂದು ಫಂಕ್ಷನ್, ಅದಕ್ಕೆ ಎರಡು ಪ್ಯಾರಾಮೀಟರ್: ವಿಷಯ, ಗರಿಷ್ಠ. (ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಹೀಗೆ ಕನ್ನಡದಲ್ಲೇ ಇರಬಹುದು.) ಒಳಗೆ ವೈಲ್ ಟ್ರೂ ಲೂಪ್, ಅಂದರೆ ರಿಟರ್ನ್ ಆಗುವ ತನಕ ಸುತ್ತುತ್ತಲೇ ಇರುವಂಥದ್ದು. ಮೊದಲ ಸಾಲಿನಲ್ಲಿ ಇನ್‌ಪುಟ್ ತೆಗೆದುಕೊಂಡು ‘ಬರಹ’ ಎಂಬ ವೇರಿಯಬಲ್‌ನಲ್ಲಿ ಇಡಿ. ಆಮೇಲೆ ಟ್ರೈ (ಎರರ್ ಬರಬಹುದಾದ ಭಾಗ), ಅದರೊಳಗೆ ಒಂದೇ ಸಾಲು: ‘ಬರಹ’ವನ್ನು ಇಂಟ್‌ಗೆ ಕೊಟ್ಟು ‘ಅಂಕ’ಕ್ಕೆ ತುಂಬುವುದು. ಎರರ್ ಬಂದರೆ ಹಿಡಿಯುವ ಎಕ್ಸೆಪ್ಟ್ ಮುಂದೆ ವ್ಯಾಲ್ಯೂಎರರ್ ಅಂತ ಹೆಸರು ಹೇಳಿ, ಕೆಳಗೆ ಒಂದು ಸಂದೇಶ, ಲೂಪ್‌ನ ಮೊದಲಿಗೆ ಮರಳಿಸುವ ಒಂದು ಕಂಟಿನ್ಯೂ. ಇದೆಲ್ಲ ಮುಗಿದ ಮೇಲೆ, ಟ್ರೈ ಹೊರಗೆ, ಅಂಕ 0ಯಿಂದ ಗರಿಷ್ಠದೊಳಗೆ ಇದ್ದರೆ ರಿಟರ್ನ್. ಇಲ್ಲದಿದ್ದರೆ ಇನ್ನೊಂದು ಸಂದೇಶ, ಲೂಪ್ ಮತ್ತೆ ಕೇಳುತ್ತದೆ. 126 ಎಂಬುದು ಇಂಟ್‌ನ ಕಣ್ಣಿಗೆ ಸರಿಯಾದ ಸಂಖ್ಯೆಯೇ; ಅದು ತಪ್ಪಾಗುವುದು ನಾವು ಇಟ್ಟ ಗರಿಷ್ಠವನ್ನು ಮೀರಿದ್ದರಿಂದ. ಹಾಗಾಗಿ ಈ ಎರಡು ಪರೀಕ್ಷೆ ಬೇರೆಬೇರೆ.

ಎಕ್ಸೆಪ್ಟ್ ಮುಂದೆ ಹೆಸರು ಬಿಟ್ಟರೆ ಏನಾಗುತ್ತದೆ ಅಂದರೆ, ಟ್ರೈ ಒಳಗೆ ನೀವೇ ‘ಬರಹ’ವನ್ನು ‘ಬರೆಹ’ ಅಂತ ತಪ್ಪಾಗಿ ಟೈಪ್ ಮಾಡಿದ್ದರೂ ಆ ನೇಮ್‌ಎರರ್ ಅಲ್ಲೇ ಮುಚ್ಚಿಹೋಗುತ್ತದೆ. ಬಳಸುವವರು 78 ಅಂತ ಸರಿಯಾಗಿಯೇ ಕೊಡುತ್ತಾರೆ, ಪ್ರೋಗ್ರಾಂ ‘ಸಂಖ್ಯೆ ಬರೆಯಿರಿ’ ಅಂತ ಮತ್ತೆ ಮತ್ತೆ ಕಾಡುತ್ತದೆ. ಇನ್‌ಪುಟ್ ಸಾಲೂ ಟ್ರೈ ಒಳಗೇ ಇದ್ದರೆ ಇನ್ನೂ ಕಷ್ಟ: ಸಾಕಾಗಿ, ಪ್ರೋಗ್ರಾಂ ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದರೆ ಅದನ್ನೂ ನುಂಗಿಕೊಳ್ಳುತ್ತದೆ, ಟರ್ಮಿನಲ್ ಕಿಟಕಿಯನ್ನೇ ಮುಚ್ಚಬೇಕು.

ಲೂಪ್ ಬದಲು, ತಪ್ಪಾದಾಗ ಫಂಕ್ಷನ್ ತನ್ನನ್ನು ತಾನೇ ಕರೆಯುವಂತೆ ಬರೆಯುವುದೂ ಉಂಟು. ಅಲ್ಲಿ ಸಾಮಾನ್ಯವಾಗಿ ಮರೆಯುವುದು ರಿಟರ್ನ್. ಮೊದಲ ಸಲ ‘ಎಂಬತ್ತು’, ಎರಡನೇ ಸಲ 80 ಅಂತ ಕೊಟ್ಟರೆ, ಒಳಗಿನ ಕರೆ 80 ವಾಪಸ್ ಕೊಡುತ್ತದೆ. ಹೊರಗಿನದು ಅದನ್ನು ಕೈಬಿಟ್ಟು ನನ್ (None), ಅಂದರೆ ‘ಏನೂ ಇಲ್ಲ’ ಎಂಬ ಮೌಲ್ಯ, ಕೊಡುತ್ತದೆ. ಎಷ್ಟೋ ಸಾಲು ಕೆಳಗೆ, ಒಟ್ಟು ಕೂಡಿಸುವ ಕಡೆ ಟೈಪ್‌ಎರರ್ (ಸಂಖ್ಯೆಗೆ ಆ ನನ್ ಕೂಡಿಸಲಾಗದು ಎಂಬ ದೋಷ) ಬಂದಾಗ ಎಲ್ಲರೂ ಆ ಸಾಲನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ಮೊದಲ ಸಲವೇ ಸರಿಯಾಗಿ ಕೊಟ್ಟರೆ ಈ ದೋಷ ತಲೆ ಎತ್ತುವುದೇ ಇಲ್ಲ.

ಅರ್ಧ ಅಂಕವೂ ಬೇಕೆಂದು ಇಂಟ್ ಬದಲು ದಶಮಾಂಶ ಓದುವ ಫ್ಲೋಟ್ ಬಳಸಿದರೆ ಒಂದು ಎಚ್ಚರ. ಎನ್, ಎ, ಎನ್ ಎಂಬ ಮೂರು ಇಂಗ್ಲಿಷ್ ಅಕ್ಷರ ಕೊಟ್ಟರೂ ಫ್ಲೋಟ್ ಒಪ್ಪಿಕೊಳ್ಳುತ್ತದೆ. ‘ಸಂಖ್ಯೆಯಲ್ಲ’ ಎಂಬರ್ಥದ ಆ ಮೌಲ್ಯ 0ಗಿಂತ ಕಡಿಮೆಯೂ ಅಲ್ಲ, 100ಕ್ಕಿಂತ ಹೆಚ್ಚೂ ಅಲ್ಲ. ‘ಹೊರಗಿದ್ದರೆ ತಳ್ಳು’ ಅಂತ ಬರೆದಿದ್ದರೆ ಅದು ನುಸುಳುತ್ತದೆ, ‘ಒಳಗಿದ್ದರೆ ಮಾತ್ರ ಒಪ್ಪು’ ಅಂತ ಬರೆದಿದ್ದರೆ ಸಿಕ್ಕಿಬೀಳುತ್ತದೆ.

ಸಂದೇಶದಲ್ಲಿ ‘ತಪ್ಪು ಇನ್‌ಪುಟ್’ ಅಂತಷ್ಟೇ ಬರೆದರೆ ಯಾರಿಗೆ ಏನು ತಿಳಿದೀತು? ‘“78.5” ಆಗದು, 0ಯಿಂದ 100ರೊಳಗಿನ ಪೂರ್ಣಸಂಖ್ಯೆ ಕೊಡಿ’ ಎನ್ನಿ. ‘ಬರಹ’ವನ್ನು ಬೇರೆಯಾಗಿ ಇಟ್ಟುಕೊಂಡದ್ದು ಇದಕ್ಕೇ.

ಬರೆದಾದ ಮೇಲೆ ಬರೀ ಎಂಟರ್, -1, 0, 125, 126, 78.5 ಎಲ್ಲ ಕೊಟ್ಟು ನೋಡಿ. ‘1_0’ ಅಂತಲೂ ಒಮ್ಮೆ ಕೊಡಿ: ಪೈಥಾನ್ 3.6ರಿಂದೀಚೆಗೆ ಇಂಟ್ ಅದನ್ನು 10 ಅಂತ ಓದುತ್ತದೆ.