ಏಳು ಕಾಲಿನ ಚೇಳು

ಅಜ್ಜಿಯ ಹಣೆಯ ಬೊಟ್ಟನ್ನು ಸೋಪು ಹಾಕಿ ಉಜ್ಜಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗ ನನಗೆ ಎಂಟು ವರ್ಷ. ಸಿದ್ದಾಪುರದ ಹತ್ತಿರ ಕಾವೇರಿ ದಡದಲ್ಲಿ ನಮ್ಮ ಮನೆಯವರಿಗೆ ಕ್ರೈಸ್ತ ಸಭೆಗೆ ಸೇರುವ ದೀಕ್ಷಾಸ್ನಾನ ಇತ್ತು. ಬಿಳಿ ಸೀರೆ ಉಟ್ಟು ನಿಂತಿದ್ದ ಅಜ್ಜಿಯ ಹತ್ತಿರ ಸಭೆಯ ಒಬ್ಬ ಅಕ್ಕ ಬಂದು, ಬೊಟ್ಟು ಒರೆಸಿಕೊಳ್ಳಿ ಅಮ್ಮ ಅಂದರು. ಅಜ್ಜಿ ಸುಮ್ನೆ ನಿಂತಿದ್ದಳು. ಆ ಅಕ್ಕ ಸೆರಗಿನ ತುದಿ ಒದ್ದೆ ಮಾಡಿ ತಾವೇ ಒರೆಸಿದರು, ಹೋಗಲಿಲ್ಲ, ಆಮೇಲೆ ಯಾರೋ ಬಟ್ಟೆ ಸೋಪಿನ ತುಂಡು ಕೊಟ್ಟರು. ಹಣೆಯೆಲ್ಲ ಕೆಂಪಾಯಿತು. ನಡುವಿನ ಹಸಿರು ಚುಕ್ಕಿ ಹಾಗೇ ಇತ್ತು. "ಅದು ಹಚ್ಚೆ ಕಣವ್ವ, ಹೋಗಾಕಿಲ್ಲ" ಅಂದಳು ಅಜ್ಜಿ, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ.

ಅಜ್ಜಿ ಪಿರಿಯಾಪಟ್ಟಣದ ಕಡೆಯವಳು. ಕಾಫಿ ಕೊಯ್ಲಿಗೆ ಅಂತ ತಾತನ ಜೊತೆ ಕೊಡಗಿಗೆ ಬಂದು ತೋಟದ ಲೈನ್ ಮನೆಯಲ್ಲೇ ಉಳಿದುಬಿಟ್ಟಳು. ಅಪ್ಪ ಹುಟ್ಟಿದ್ದೂ ನಾನು ಹುಟ್ಟಿದ್ದೂ ಅಲ್ಲೇ. ಅಪ್ಪ ಆಗ ತುಂಬಾ ಕುಡಿಯುತ್ತಿದ್ದರು, ಶನಿವಾರ ಕೈಗೆ ಬಂದ ಬಟವಾಡೆ ಭಾನುವಾರ ರಾತ್ರಿಗೆ ಖಾಲಿ. ಸಭೆಯವರು ಲೈನಿಗೆ ಬಂದು ಪ್ರಾರ್ಥನೆ ಶುರು ಮಾಡಿದ ಮೇಲೆ ಅಪ್ಪ ಕುಡಿತ ಬಿಟ್ಟರು. ಇವತ್ತಿನವರೆಗೂ ಮುಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಮೂರು ಹೊತ್ತು ಒಲೆ ಉರಿಯಲು ಶುರುವಾಗಿದ್ದು ಅವರಿಂದ, ಆ ಋಣ ನನಗೆ ಈಗಲೂ ಇದೆ.

ಆದರೆ ಅದರ ಜೊತೆಗೆ ಬಂದದ್ದೂ ಕಡಿಮೆ ಇರಲಿಲ್ಲ. ಹೂ ಮುಡಿಯುವ ಹಾಗಿಲ್ಲ, ಬಳೆ ಇಲ್ಲ, ಓಲೆ ಇಲ್ಲ, ಟಿವಿ ಇಲ್ಲ, ಪಕ್ಕದ ಮನೆಯ ಹಬ್ಬದ ಕಡುಬು ತಿನ್ನುವ ಹಾಗಿಲ್ಲ. ಸಭೆಯ ಹೊರಗಿದ್ದವರೆಲ್ಲ ಲೋಕದವರು. ವಿರಾಜಪೇಟೆಯಲ್ಲಿ 1792ರಲ್ಲಿ ಕಟ್ಟಿದ ಸಂತ ಅನ್ನಮ್ಮನವರ ಚರ್ಚ್ ಇದೆ, ಅಲ್ಲಿಗೆ ಹೋಗುವ ನನ್ನ ಗೆಳತಿ ಮಲ್ಲಿಗೆ ಮುಡಿದು ಶಾಲೆಗೆ ಬರುತ್ತಿದ್ದಳು. ಅದೇ ಯೇಸು, ಅದೇ ಬೈಬಲ್ ಅಲ್ವಾ ಅಂತ ಕೇಳಿದೆ. ಅವಳೂ ಲೋಕದವಳೇ ಅಂದರು.

ಅಜ್ಜಿಯ ಬಲಗೈ ಮೇಲೆ ಒಂದು ಚೇಳಿನ ಹಚ್ಚೆಯೂ ಇತ್ತು. ಬೈಬಲಿನ ಪ್ರಕಟನೆ 13ರಲ್ಲಿ ದೇವರ ಶತ್ರುವಾದ ಮೃಗದ ಗುರುತು ಬರುತ್ತದೆ, ಬಲಗೈ ಮೇಲೆ ಅಥವಾ ಹಣೆಯ ಮೇಲೆ ಅಂತ. ಅಜ್ಜಿಗೆ ಎರಡೂ ಕಡೆ ಇತ್ತು. ಯಾರೂ ಅವಳಿಗೆ ನೇರವಾಗಿ ಏನೂ ಹೇಳಲಿಲ್ಲ, ಆ ಅಧ್ಯಾಯ ಓದುವಾಗ ತಿರುಗಿ ನೋಡುತ್ತಿದ್ದರು, ಅಷ್ಟೇ. ಅವಳು ಮುಸುಕನ್ನು ಹುಬ್ಬಿನ ತನಕ ಎಳೆದುಕೊಳ್ಳುವುದನ್ನು ಕಲಿತಳು, ಉದ್ದ ತೋಳಿನ ರವಿಕೆ ಹೊಲಿಸಿಕೊಂಡಳು. ಕಾಫಿ ಕೊಯ್ಯುವಾಗ ಚಗಳಿ ಇರುವೆ ತೋಳಿನೊಳಗೆ ನುಗ್ಗಿದರೂ ಮೇಲಕ್ಕೆ ಮಡಚುತ್ತಿರಲಿಲ್ಲ, ಬಟ್ಟೆಯ ಮೇಲಿಂದಲೇ ಹೊಸಕಿ ಹಾಕುತ್ತಿದ್ದಳು. ಸಭೆಯಲ್ಲಿ ಅವಳ ಪಕ್ಕ ಕೂರಲು ನನಗೆ ಇಷ್ಟವಿರಲಿಲ್ಲ. ಒಂದು ಸಲ ಗೆಳತಿಯರು ಮನೆಗೆ ಬಂದಾಗ, ಅಜ್ಜಿ ಕೈ ಮುಚ್ಕೋ ಅಂತ ಪಿಸುಗುಟ್ಟಿದ್ದೆ. ಅವಳು ಮುಚ್ಚಿಕೊಂಡಳು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯೊಳಗೆ ಏನೋ ಹಿಂಡುತ್ತದೆ.

ನಾನು ಸಭೆ ಬಿಟ್ಟದ್ದು ಒಂದೇ ದಿನದಲ್ಲಿ ಅಲ್ಲ. ಮೈಸೂರಿಗೆ ಓದಲು ಹೋದೆ, ಒಂದು ಭಾನುವಾರ ತಪ್ಪಿತು, ಆಮೇಲೆ ಒಂದು ತಿಂಗಳು. ಆದರೆ ಅಜ್ಜಿ ತೀರಿಕೊಂಡ ದಿನ ಒಳಗೆ ಏನೋ ಕಡಿದುಹೋಯಿತು. ಪಿರಿಯಾಪಟ್ಟಣದಿಂದ ಬಂದ ಅವಳ ತಂಗಿ, ನನ್ನ ಚಿಕ್ಕಜ್ಜಿ, ಒಂದು ಮೊಳ ಕನಕಾಂಬರ ತಂದಿದ್ದಳು. ಬೇಡ ಅಂದರು. ಹಣೆಯಾದರೂ ಕಾಣಲಿ ಅಂತ ಚಿಕ್ಕಜ್ಜಿ ಮುಸುಕು ಸರಿಸಿದಳು, ಯಾರದೋ ಕೈ ಬಂದು ಮತ್ತೆ ಕೆಳಗೆಳೆಯಿತು. ಅಜ್ಜಿಯನ್ನು ಹಾಗೇ ಮಣ್ಣು ಮಾಡಿದರು. ಅದಾದ ಮೇಲೆ ನಾನು ಹೋಗಲಿಲ್ಲ. ಹಿಂಜಾರಿದವಳು ಅಂತ ನನ್ನ ಹೆಸರಿನಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದಂತೆ.

ಹಚ್ಚೆ ಹಾಕಿಸಿಕೊಳ್ಳಬೇಕು ಅನ್ನಿಸಿದ್ದು ಆರು ವರ್ಷ ಆದ ಮೇಲೆ. ಅಜ್ಜಿಯ ಫೋಟೋಗಳನ್ನು ಹುಡುಕಿದೆ, ಒಂದರಲ್ಲೂ ಅವಳ ಕೈ ಇಲ್ಲ, ಎಲ್ಲದರಲ್ಲೂ ರವಿಕೆಯ ಉದ್ದ ತೋಳು. ಕೊನೆಗೆ ಚಿಕ್ಕಜ್ಜಿಯ ಊರಿಗೆ ಹೋದೆ. ಅಕ್ಕತಂಗಿ ಇಬ್ಬರಿಗೂ ಒಂದೇ ದಿನ, ಊರಿಗೆ ಬಂದ ಕೊರಮರ ಒಬ್ಬ ಹೆಂಗಸು ಹಾಕಿದ್ದಂತೆ. ದೀಪದ ಮಸಿಗೆ ಸೊಪ್ಪಿನ ರಸ ಕಲಸಿ, ಸೂಜಿ ಕಟ್ಟಿ, ನೋವು ಗೊತ್ತಾಗದಿರಲಿ ಅಂತ ಹಾಡು ಹೇಳುತ್ತಾ ಚುಚ್ಚಿದಳಂತೆ, ಆಮೇಲೆ ಅರಿಶಿನ ಮೆತ್ತಿದಳಂತೆ. ಚಿಕ್ಕಜ್ಜಿಯ ಕೈ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಲ್ಲಿ ಗೀಚಿಕೊಂಡೆ. ಚರ್ಮ ಸುಕ್ಕಾಗಿತ್ತು, ಗೆರೆ ಹರಡಿ ನೀಲಿಹಸಿರಾಗಿತ್ತು, ಚೇಳಿನ ಬಾಲ ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನಾನು ಕಾಲುಗಳನ್ನು ಎಣಿಸುವಾಗ ಅವಳೇ ಹೇಳಿದಳು, "ನಂದಕ್ಕೆ ಎಂಟು. ಅಕ್ಕಂದಕ್ಕೆ ಏಳೇ. ಕೈ ಕಿತ್ಕೊಂಡು ಓಡ್ಬಿಟ್ಲು, ಮುಗಿಸಕ್ಕೇ ಬಿಡ್ನಿಲ್ಲ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೆ, ನಾನು ಅದನ್ನು ಎಣಿಸಿಯೇ ಇರಲಿಲ್ಲ.

ಏಪ್ರಿಲ್‌ನ ಒಂದು ಮಂಗಳವಾರ ರಜೆ ಹಾಕಿ ಕುಶಾಲನಗರಕ್ಕೆ ಹೊರಟೆ. ಹೂಮಳೆ ಬಿದ್ದು ಒಂಬತ್ತು ಹತ್ತು ದಿನ ಆಗಿತ್ತು, ಕಾಫಿ ಹೂವು ಅರಳಿತ್ತು. ಸೇತುವೆ ದಾಟಿ ನೆಲ್ಲಿಹುದಿಕೇರಿ ಕಡೆಯಿಂದ ಬಸ್ಸು ಹೋಗುವಾಗ ಎರಡೂ ಬದಿ ಗಿಡಗಳ ಮೇಲೆ ಹಿಮ ಬಿದ್ದ ಹಾಗೆ ಬಿಳಿ, ಕಿಟಕಿಯಿಂದ ಮಲ್ಲಿಗೆಯಂಥ ಪರಿಮಳ. ಎರಡು ಮೂರು ದಿನ ಇದ್ದು ಹೋಗಿಬಿಡುತ್ತದೆ ಅದು. ಕೆಳಗೆ ಕಾವೇರಿ ಕಂಡಾಗ ಮಾತ್ರ ಎದೆ ಜೋರಾಗಿ ಬಡಿಯಿತು. ಯಾಜಕಕಾಂಡ 19:28 ನನಗೆ ಬಾಯಿಪಾಠ, ಸತ್ತವರಿಗಾಗಿ ದೇಹ ಗಾಯ ಮಾಡಿಕೊಳ್ಳಬಾರದು, ಹಚ್ಚೆ ಚುಚ್ಚಿಸಿಕೊಳ್ಳಬಾರದು ಅಂತ. ಅದರ ಹಿಂದಿನ ವಚನ ಗಡ್ಡದ ಅಂಚು ಕತ್ತರಿಸಬಾರದು ಅನ್ನುತ್ತದೆ, ಅದನ್ನು ನಮಗೆ ಯಾರೂ ಓದಿ ಹೇಳಿರಲಿಲ್ಲ. ಯೆಶಾಯ 49ರಲ್ಲಿ ದೇವರು, ನಿನ್ನನ್ನು ನನ್ನ ಅಂಗೈಯಲ್ಲೇ ಕೆತ್ತಿಕೊಂಡಿದ್ದೇನೆ ಅನ್ನುವ ಮಾತಿದೆ. ನಂಬಿಕೆ ಬಿಟ್ಟ ಮೇಲೂ ನನಗೆ ಆ ಸಾಲು ತುಂಬಾ ಇಷ್ಟ.

ಹಚ್ಚೆ ಅಂಗಡಿಯ ಹುಡುಗನಿಗೆ ಇಪ್ಪತ್ತೈದು ಇರಬಹುದು. ನನ್ನ ಕಾಗದ ನೋಡಿ, ಮೇಡಂ ಇದು ಸರಿ ಬಂದಿಲ್ಲ, ನಾನು ಚೆನ್ನಾಗಿ ಬರೆದು ಕೊಡ್ತೀನಿ ಅಂತ ಮೊಬೈಲಿನಲ್ಲಿ ನೆರಳು ಬಿದ್ದಿರುವ, ಮೈಮೇಲೆ ಹರಿದಾಡುವಂಥ ಚೇಳುಗಳನ್ನು ತೋರಿಸಿದ. ಬೇಡ, ಇದೇ ಬೇಕು, ಈ ಸೊಟ್ಟ ಬಾಲವೇ ಬೇಕು, ಕಾಲು ಏಳೇ ಇರಲಿ ಅಂದೆ. ಚೇಳಿಗೆ ಎಂಟು ಕಾಲು ಮೇಡಂ ಅಂದ. ಅಜ್ಜಿಯ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಏನೂ ಮಾತಾಡದೆ, ಹೊಸ ಸೂಜಿಯ ಪ್ಯಾಕೆಟ್ಟನ್ನು ನನ್ನ ಎದುರೇ ಒಡೆದ. ಒಂದು ವರ್ಷ ರಕ್ತದಾನ ಮಾಡೋ ಹಾಗಿಲ್ಲ ಅಂತ ಮೊದಲೇ ಹೇಳಿದ.

ಸೂಜಿ ತಾಗಿದಾಗ ಕೆಂಡದಿಂದ ಗೆರೆ ಎಳೆದ ಹಾಗಾಯಿತು. ಮೊಣಕೈ ಹತ್ತಿರ ಬಂದಾಗ ಜಾಸ್ತಿ. ಗಮನ ಬೇರೆ ಕಡೆ ಹೋಗಲಿ ಅಂತ ಅವನನ್ನು ಕೇಳಿದೆ, ಇದು ಯಾಕೆ ಅಳಿಸುವುದಿಲ್ಲ ಅಂತ. ಬಣ್ಣ ಮೇಲಿನ ಚರ್ಮ ದಾಟಿ ಎರಡನೇ ಪದರಕ್ಕೆ ಹೋಗುತ್ತದಂತೆ. ಮೇಲಿನದು ಸವೆದು ಹೊಸದು ಬರುತ್ತಲೇ ಇರುತ್ತದೆ, ಕೆಳಗಿನದು ಹಾಗೇ ಇರುತ್ತದೆ. ನಮ್ಮ ಮೈಯನ್ನು ಕಾಯುವ ಜೀವಕೋಶಗಳು ಆ ಬಣ್ಣವನ್ನು ನುಂಗುತ್ತವೆ, ಕರಗಿಸಲು ಆಗುವುದಿಲ್ಲ, ಅವು ಸತ್ತರೆ ಬೇರೆ ಜೀವಕೋಶಗಳು ಬಂದು ಅದೇ ಬಣ್ಣವನ್ನು ಮತ್ತೆ ನುಂಗಿ ಇಟ್ಟುಕೊಳ್ಳುತ್ತವೆ. ಆ ಸೋಪಿನ ತುಂಡು ನೆನಪಾಯಿತು. ಅಲ್ಲಿಯ ತನಕ ಅಳು ಬಂದಿರಲಿಲ್ಲ, ಆಗ ಬಂತು. ಹುಡುಗ ನಿಲ್ಲಿಸಿ, ನೋವಾಯ್ತಾ ಅಂದ. ಇಲ್ಲ, ನೀನು ಹಾಕು ಅಂದೆ. ಏಳನೇ ಕಾಲು ಮುಗಿದಾಗ ಮೆಶಿನ್ ಆಫ್ ಮಾಡಿ, ಸಾಕಲ್ವಾ ಮೇಡಂ ಅಂತ ಕೇಳಿದ.

ಹೊರಗೆ ಬಂದಾಗ ಬೈಲಕುಪ್ಪೆ ಕಡೆಯ ಇಬ್ಬರು ಭಿಕ್ಷುಗಳು ಸೌತೆಕಾಯಿ ಕೊಳ್ಳುತ್ತಿದ್ದರು, ಆಟೋದವನು ಯಾರಿಗೋ ಬೈಯುತ್ತಿದ್ದ, ನನ್ನ ಕೈಯನ್ನು ಯಾರೂ ನೋಡಲಿಲ್ಲ.

ಅಮ್ಮ ನೋಡಿದ ತಕ್ಷಣ ಗುರುತು ಹಿಡಿದಳು, ಅತ್ತೆದು ಅಂದಳು, ಒಳಗೆ ಹೋಗಿ ತುಂಬಾ ಹೊತ್ತು ಪಾತ್ರೆ ತೊಳೆದಳು. ಅಪ್ಪ ಮಾತು ಬಿಟ್ಟರು. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡೇ ಎದ್ದುಹೋಗುತ್ತಿದ್ದರು. ಹೊಪ್ಪಳಿಕೆ ಎದ್ದು ತೆಳುವಾಗಿ ಉದುರಿತು, ಸೀಗೆ ಹಾಕದೆ, ಉಜ್ಜದೆ, ಬಿಸಿಲಿಗೆ ಒಡ್ಡದೆ ನೋಡಿಕೊಂಡೆ. ಕೆಳಗೆ ಗೆರೆಗಳು ಕಪ್ಪಗೆ, ಸೊಟ್ಟಗೆ, ಗಟ್ಟಿಯಾಗಿ ನಿಂತಿದ್ದವು.

ಮೂರನೇ ವಾರ ಸಂಜೆ ಜೋರು ಮಳೆ ಬಂತು, ಹೆಂಚಿನ ಸೂರು ಸೋರತೊಡಗಿತು. ನಾನು ಬಕೆಟ್ ಹಿಡಿದು ಅಂಗಳಕ್ಕೆ ಇಳಿಯಲು ಹೋದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಕೈ ನೋಡಿದರು. ತುಂಬಾ ಹೊತ್ತು ನೋಡಿದರು.

"ಅದಕ್ಕೆ ನೀರು ತಾಗಬಹುದಾ?"

"ತಾಗಬಹುದು ಅಪ್ಪ. ವಾಸಿಯಾಗಿದೆ."

ಪಕ್ಕಕ್ಕೆ ಸರಿದು ದಾರಿ ಬಿಟ್ಟರು.